ಮೀನು ತೊಳೆದ ನೀರು

ಮಗಳೇ ಫರ್ಹಾನ,

ನೀನು ಫೋನ್ ಎತ್ತದೆ ಎರಡು ತಿಂಗಳಾಯಿತು. ಈ ಪತ್ರವನ್ನು ನಾನು ಕಳಿಸುವುದಿಲ್ಲ.

ಕೆಲಸ ಸಿಕ್ಕಿ ಮೂಡುಬಿದಿರೆಗೆ ಹೋಗುವಾಗ ನೀನು ಬಿಟ್ಟುಹೋದ ಮುಳ್ಳಿನ ಗಿಡ, ತೆಂಗಿನ ಮರದ ಹಾಗೆ ತುದಿಯಲ್ಲಿ ಮಾತ್ರ ಎಲೆ ಇದ್ದದ್ದು, ಇವತ್ತು ಬೆಳಿಗ್ಗೆ ವಾಲಿತು. ಬುಡ ಮುಟ್ಟಿದರೆ ಬೆರಳು ಒಳಗೇ ಹೋಯಿತು.

ಡಿಸೆಂಬರಿನಲ್ಲಿ ಎಲೆ ಉದುರಿದಾಗ ಬಾಯಾರಿಕೆ ಅಂದುಕೊಂಡೆ. ಬಸಳೆಗೆ ಹಾಕುವ ಹಾಗೆ ದಿನಾ ಮೀನು ತೊಳೆದ ನೀರು ಹಾಕಿದೆ. ಮೀನಿಲ್ಲದ ದಿನ ಅಕ್ಕಿ ತೊಳೆದದ್ದು.

ಸಿದ್ಧಕಟ್ಟೆಯಲ್ಲಿ ನರ್ಸರಿ ಇಟ್ಟಿರುವ ಶಂಭು ಬಂದು ನೋಡಿದರು. "ಚಳಿಗೆ ಎಲೆ ಬಿಟ್ಟು ಸುಮ್ಮನೆ ನಿಲ್ಲುವ ಜಾತಿ ಅಕ್ಕಾ ಇದು. ನೀವೂ ಸುಮ್ಮನೆ ಇದ್ದಿದ್ರೆ ಅದರಷ್ಟಕ್ಕೇ ಚಿಗುರ್ತಿತ್ತು."

ಸುಮ್ಮನೆ ಇರಲು ನನಗೆ ಬರುವುದಿಲ್ಲವೆಂದು ನಿನಗೆ ಗೊತ್ತುಂಟು. ನಿನ್ನ ಹಾಸ್ಟೆಲಿನ ವಾರ್ಡನ್‌ಗೂ ಗೊತ್ತುಂಟು, ಪಾಪ. "ಊಟ ಮಾಡಿದಳಾ, ಯಾರ ಜೊತೆ ಬಂದಳು" ಎಂದು ಫೋನ್ ಮಾಡಿ ಅವರನ್ನು ಕೇಳದ ದಿನವಿಲ್ಲ.

ಕೊಳೆತದ್ದನ್ನು ಕತ್ತರಿಸಿ, ಉಳಿದ ತುದಿಯನ್ನು ಮತ್ತೆ ನೆಡಲೆಂದು ನೆರಳಿನಲ್ಲಿ ಒಣಗಲು ಇಟ್ಟಿದ್ದೇವೆ. ಹದಿನೈದು ದಿನ ಒಂದು ಹನಿ ನೀರೂ ಬೇಡವಂತೆ, ಮುಟ್ಟಿ ನೋಡುವುದೂ ಬೇಡವಂತೆ. ಕೈ ಸುಮ್ಮನಿರುವುದಿಲ್ಲವೆಂದು ನೀರು ಹಾಕುವ ಚೊಂಬನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಆಮೇಲೆ ಬೀಗ ತೆಗೆದು, ಫೋನನ್ನೂ ಅದರ ಪಕ್ಕದಲ್ಲಿಟ್ಟೆ.

ಉಮ್ಮ