ಮಾವ ನುಂಗಿದ ಸಾಲು

ಕೊಪ್ಪಳ
೨೧ ಫೆಬ್ರವರಿ ೧೯೪೪

ಮಗಳಂಥ ಸೊಸೆ ಶೇಖರಮ್ಮನಿಗೆ ಮಾವನ ತುಂಬುಮನಸ್ಸಿನ ಆಶೀರ್ವಾದ.

ಜ್ವರ ಇಳಿಯಿತೇ ತಾಯಿ? ಹೈದರಾಬಾದಿನ ಹಾಸ್ಟೆಲಿನ ಊಟ ಹೊಟ್ಟೆಗೆ ಹಿಡಿಯುತ್ತಿದೆಯೇ? ಮೊದಲು ಕೂಸಿನ ಸುದ್ದಿಯನ್ನೇ ಬರೆಯುತ್ತೇನೆ, ಇಲ್ಲವಾದರೆ ಉಳಿದದ್ದೇನೂ ನಿನ್ನ ಕಣ್ಣಿಗೆ ಬೀಳುವುದಿಲ್ಲ. ನೀಲಮ್ಮ ಆರಾಮ ಇದ್ದಾಳೆ. ನೀನು ಹೋದ ಮೊದಲ ಎರಡು ದಿನ ಹಾಲಿನ ಒಳಲೆ ಬಾಯಿಗೆ ಹಿಡಿದರೆ ಸಾಕು, ತುಟಿ ಬಿಗಿದು ಮುಖ ತಿರುವುತ್ತಿದ್ದಳು. ಆಕಳ ಹಾಲು ಹಾಕಿದೆವು, ಆಡಿನ ಹಾಲು ಹಾಕಿದೆವು, ಎಲ್ಲವೂ ನಿನ್ನ ಅತ್ತೆಯ ಸೀರೆಯ ಪಾಲಾಯಿತು. ಮೂರನೆಯ ದಿನ ಪಕ್ಕದ ಮನೆಯ ಮಾರೆವ್ವ ಬಂದು, ನೀನು ಉಟ್ಟು ಬಿಟ್ಟುಹೋದ ಸೀರೆಯನ್ನು ಅತ್ತೆಯ ಹೆಗಲಿಗೆ ಹೊದಿಸಿ, "ಈಗ ಕುಡಿಸ್ರಿ ನೋಡೂಣು" ಅಂದಳು. ಕೂಸು ಆ ಸೀರೆಗೆ ಮೂಗು ಒತ್ತಿ ಅರ್ಧ ಒಳಲೆ ಕುಡಿಯಿತು! ಈಗ ಹಟ ಬಿಟ್ಟಿದೆ. ದೇವೇಂದ್ರಪ್ಪ ತಾನು ಕಲಿಸುವ ಕುಷ್ಟಗಿಯ ಶಾಲೆಯಿಂದ ಶುಕ್ರವಾರ ವಾರದ ಸೂಟಿಗೆ ಬಂದಿದ್ದ. ಮಗಳನ್ನು ಎತ್ತಿಕೊಂಡು, "ಸೊರಗಿಲ್ಲ ಅಲ್ಲೇನಪ್ಪಾ?" ಎಂದು ಮೂರು ಸಲ ಕೇಳಿದ.

ನಿನ್ನ ಪತ್ರ ಶನಿವಾರ ಸಿಕ್ಕಿತು. ಅದು ಅತ್ತೆಗೆ ಬರೆದದ್ದು. ಆಕೆಗೆ ಓದಲು ಬಾರದ್ದರಿಂದ ನಾನೇ ಓದಬೇಕಾಯಿತು, ತಪ್ಪು ತಿಳಿಯಬೇಡ. ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದವನು ಎರಡನೆಯ ಪುಟಕ್ಕೆ ನಿಂತುಬಿಟ್ಟೆ. ಎದೆ ಕಲ್ಲಾಗಿದೆ, ಪಾಠದ ನಡುವೆ ಸೆರಗು ತೊಯ್ಯುತ್ತದೆ, ಬಚ್ಚಲಲ್ಲಿ ನಿಂತು ಹಾಲು ಹಿಂಡಿ ಚೆಲ್ಲುವಾಗ ಅಳು ತಡೆಯಲಾಗುವುದಿಲ್ಲ ಎಂದು ಬರೆದಿದ್ದೆ. ಹತ್ತಿ ವ್ಯಾಪಾರ ಮಾಡುವ ಗಂಡಸು ಸೊಸೆಯ ಇಂಥ ಮಾತನ್ನು ಹೇಗೆ ಓದಲಿ? ಕೆಮ್ಮಿ, ಮುಂದಿನ ಸಾಲಿಗೆ ಹಾರಿದೆ. ಆಕೆ ಬಿಟ್ಟಾಳೆಯೇ? "ನಡುವ ಏನೋ ನುಂಗಿದ್ರಿ. ಹೊಳ್ಳಿ ಓದ್ರಿ" ಅಂದಳು. ಗೋಡೆಯ ಕಡೆ ಮುಖ ಮಾಡಿ ಓದಿದೆ. ಕೊನೆಗೆ, ಓದು ಸಾಕು, ಪರೀಕ್ಷೆ ಬೇಡ, ಬಂದುಬಿಡುತ್ತೇನೆ ಎಂಬುದನ್ನೂ ಓದಿದೆ.

ನಿನ್ನನ್ನು ಓದಲು ಕಳಿಸುವುದೇ ಬೇಡವೆಂದಿದ್ದ ನಿನ್ನ ಅತ್ತೆಯೇ ಈಗ ಗೆದ್ದಳು ಅಂದುಕೊಂಡೆ. ನೀನು ಹೊರಟ ದಿನ ಬಾಗಿಲಿಗೂ ಬರದೆ ಅಡಿಗೆಮನೆಯಲ್ಲಿ ಕುಳಿತವಳಲ್ಲವೇ? ಆದರೆ ಆಕೆ ತೆಗೆದದ್ದು ಬೇರೆಯೇ ಹಳೆಯ ಮಾತು. ದೇವೇಂದ್ರಪ್ಪನಿಗಿಂತ ಮೊದಲು ನಮಗೊಂದು ಕೂಸಾಗಿ, ಹದಿನೈದು ದಿನಕ್ಕೆ ಹೋಗಿತ್ತು. ನಿನಗೆ ಯಾರೂ ಹೇಳಿರಲಿಕ್ಕಿಲ್ಲ. "ಕೂಸು ಹೋಗಿತ್ತು, ಹಾಲು ನಿಂತಿರಲಿಲ್ಲ. ಹಿತ್ತಲದಾಗ ನಿಂತು ಹಿಂಡಿ ಮಣ್ಣಿಗೆ ಹಾಕೀನಿ. ನಿಮಗ ಗೊತ್ತಿಲ್ಲ" ಅಂದಳು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ ಮಗಳೇ. ಆಮೇಲೆ ಕಣ್ಣೊರೆಸಿಕೊಂಡು ಎದ್ದವಳೇ, "ಇಷ್ಟು ವರ್ಷ ಓದಿದ್ದು ಎರಡ ತಿಂಗಳಿಗೆ ನೀರಾಗಬೇಕೇನು? ಪರೀಕ್ಷಾ ಬಿಟ್ಟು ಬಂದ್ರ ಬಾಗಲಾ ತಗಿಯಂಗಿಲ್ಲ ಅಂತ ಬರೀರಿ" ಅಂದಳು. ಅಂದ ಹಾಗೆಯೇ ಬರೆದಿದ್ದೇನೆ. ಎರಡು ವಾರದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ ಅಂದು ನಾನು ಒಂದು ರೊಟ್ಟಿ ಹೆಚ್ಚಿಗೇ ಉಂಡೆ.

ಮಾರೆವ್ವ ನಿನ್ನನ್ನು ನೆನೆಯುತ್ತಿರುತ್ತಾಳೆ. ಹುಲಿಗೆಮ್ಮ ನಿನ್ನ ಬೆನ್ನಿಗಿರಲಿ.

ನಿನ್ನ ಮಾವ,
ಕರಿಬಸಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಹೈದರಾಬಾದಿನ ನಮ್ಮ ಹತ್ತಿ ದಲಾಲ ಅಲ್ಲಾಸಾಬರು ಬಂದರು. ಕಾಚಿಗೂಡದಲ್ಲಿ ಅವರ ಮನೆಯ ಹೊರಖೋಲಿ ಖಾಲಿ ಇದೆಯಂತೆ. ಇಷ್ಟು ವರ್ಷ ಅವರೆದುರು ಬಾಯಿ ಬಿಡದ ನಿನ್ನ ಅತ್ತೆ ಒಳಗಿನಿಂದಲೇ "ಅದು ನಮಗ ಇರ್ಲಿ ಸಾಹೇಬ್ರ" ಅಂದುಬಿಟ್ಟಳು! ನಾನು ತಬ್ಬಿಬ್ಬಾಗಿ ನೋಡಿದರೆ, "ಹಾಲು ಅಲ್ಲೈತಿ, ಕೂಸು ಇಲ್ಲೈತಿ. ನಡುವ ರೈಲು ಯಾಕ ಹಾಕ್ಯಾರ ಮತ್ತ?" ಅನ್ನುತ್ತಾಳೆ. ಪರೀಕ್ಷೆ ಮುಗಿಯುವ ತನಕ ಆಕೆ ಕೂಸಿನೊಡನೆ ಅಲ್ಲಿಯೇ ಇರುತ್ತಾಳೆ. ನನಗೆ ಮಾರೆವ್ವ ರೊಟ್ಟಿ ಬಡಿದುಕೊಡುತ್ತಾಳೆ. ಗುರುವಾರ ಹೊರಟು ಶುಕ್ರವಾರ ಕಾಚಿಗೂಡಕ್ಕೆ ಬರುತ್ತೇವೆ, ಅಂದು ನಿನಗೂ ಸೂಟಿ, ಸ್ಟೇಷನ್ನಿಗೆ ಬಾ. ಇನ್ನೊಂದು ಮಾತು, ಪಕ್ಕದಲ್ಲೇ ನಿಂತು ಬರೆಸುತ್ತಿದ್ದಾಳೆ: ಹಾಲು ಬತ್ತಲೆಂದು ಯಾರಾದರೂ ನಿನ್ನ ಎದೆಗೆ ಮಲ್ಲಿಗೆ ಕಟ್ಟಿಸಿದ್ದರೆ, ಈಗಲೇ ಬಿಚ್ಚಿ ಒಗೆಯಬೇಕಂತೆ.