ತಟ್ಟೆಯಷ್ಟು ಜಾಗ

ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ
ಮೇಕಪ್ ಕೋಣೆ

ಮಗಳೇ,

ಗೋಡೆಯ ಆಚೆ ಕೂತಿರುವವಳಿಗೆ ಕಾಗದ ಬರೆಯುತ್ತಿದ್ದಾಳಲ್ಲ, ಅಮ್ಮನಿಗೆ ತಲೆ ಕೆಟ್ಟಿತೇ ಎಂದುಕೊಳ್ಳಬೇಡ. ಕೈಯಲ್ಲಿ ಹೇಳಬೇಕಾದರೆ ನಾನು ನಿನ್ನ ಮುಖ ನೋಡಬೇಕು, ನೀನು ನನ್ನ ಮುಖ ನೋಡಬೇಕು. ಮೂರು ವಾರದಿಂದ ಅದು ನನ್ನಿಂದ ಆಗುತ್ತಿಲ್ಲ. ನಿನ್ನಿಂದಲೂ ಆಗುತ್ತಿಲ್ಲ ಎಂಬುದು ನನ್ನ ಗಮನಕ್ಕೆ ಬಂದಿದೆ. ಕಿವಿ ಕೇಳುವವರು ಬೆನ್ನು ತಿರುಗಿಸಿಕೊಂಡೂ ಜಗಳವಾಡಬಹುದು, ನಮಗೆ ಆ ಅನುಕೂಲ ಇಲ್ಲ. ಅದಕ್ಕೇ ಈ ಕಾಗದ. ವಾರ್ತೆ ಮುಗಿದ ಮೇಲೆ ನಿನ್ನ ಬ್ಯಾಗಿನಲ್ಲಿ ಇಡುತ್ತೇನೆ.

ಸುತ್ತಿ ಬಳಸದೆ ಕೇಳಿಬಿಡುತ್ತೇನೆ. ನನ್ನ ಕುರ್ಚಿಯನ್ನು ನೀನು ತೆಗೆದುಕೊಂಡೆಯಾ?

ಹದಿನಾಲ್ಕು ವರ್ಷದಿಂದ ಸಂಜೆ ಏಳಕ್ಕೆ ಆ ಕುರ್ಚಿಯಲ್ಲಿ ಕೂತು ಸನ್ನೆಯಲ್ಲಿ ವಾರ್ತೆ ಹೇಳುತ್ತಿದ್ದೇನೆ. ಏಳು ವರ್ಷದಿಂದ ನೀನು ಎದುರಿನ ಗಾಜಿನ ಧ್ವನಿಕೋಣೆಯಲ್ಲಿ ಕೂತು, ಮನೆಯಲ್ಲಿ ಕಿವಿ ಕೇಳುವವರೂ ಇರುತ್ತಾರಲ್ಲ ಅವರಿಗಾಗಿ, ನನ್ನ ಕೈಗೆ ಬಾಯಾಗಿದ್ದೀಯ. ಮೊದಲ ದಿನ ನಿನಗೆ ಹೇಳಿಕೊಟ್ಟ ನಿಯಮ ಒಂದೇ: ಕಾಗದ ನೋಡಬೇಡ, ಕೈ ನೋಡು. ಕೈ ಹೇಳಿದ್ದನ್ನೇ ಬಾಯಿ ಹೇಳಬೇಕು, ತಿದ್ದಬಾರದು. ನೀನು ಇವತ್ತಿನವರೆಗೂ ಅದನ್ನು ಮುರಿದಿಲ್ಲ. ಒಮ್ಮೆ ನಾನು ಕೆಮ್ಮು ಬಂದು ಕ್ಷಮಿಸಿ ಎಂದು ಸನ್ನೆ ಮಾಡಿದರೆ, ಕೆಮ್ಮದ ನೀನು ಮೈಕಿನಲ್ಲಿ ಕ್ಷಮೆ ಕೇಳಿದ್ದೆ.

ಈಗ ನೋಡು. ನಮ್ಮ ‘ಕೈಮಾತು’ ಸೋಮವಾರದಿಂದ ‘ಕಲರವ’. ಕಿವುಡರ ಚಾನೆಲ್ಲಿಗೆ ಹಕ್ಕಿಗಳ ಇಂಪಾದ ದನಿಯ ಹೆಸರು. ಆರನೇ ವಯಸ್ಸಿನವರೆಗೆ ನನಗೂ ಕಿವಿ ಕೇಳುತ್ತಿತ್ತಲ್ಲ, ಹಕ್ಕಿ ಹೇಗೆ ಕೂಗುತ್ತದೆ ಎಂಬುದು ಅಲ್ಪಸ್ವಲ್ಪ ನೆನಪಿದೆ. ಓಣಿಯಂಥ ನಮ್ಮ ಕಾರಿಡಾರಿನ ಗೋಡೆಯ ಮೇಲಿದ್ದ ಎರಡು ಅಂಗೈಗಳಿಗೆ ಹಳದಿ ಬಣ್ಣ ಬಳಿದರು. ಎರಡು ಸಲ ಬಳಿದರೂ ಒಂದು ಹೆಬ್ಬೆರಳು ಇನ್ನೂ ಇಣುಕುತ್ತಿದೆ. ಹೊಸ ಮ್ಯಾನೇಜರ್ ಇದ್ದಾರಲ್ಲ, ಮಾತಿಗೊಮ್ಮೆ ಟೈ ಸರಿಮಾಡಿಕೊಳ್ಳುವುದರಿಂದ ನಾನು ‘ಟೈ’ ಎಂದು ಸನ್ನೆಯ ಹೆಸರಿಟ್ಟವರು, ಅವರು ಹೆಸರು ಘೋಷಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಜನ ಮೆಚ್ಚಿದರೆ ಎರಡೂ ಕೈ ಮೇಲೆತ್ತಿ ಬೆರಳು ಅಲುಗಾಡಿಸುತ್ತಾರೆ. ನೀನು ಹುಟ್ಟಿದಾಗಿನಿಂದ ಹಾಗೇ ಮಾಡಿದವಳು. ಅವತ್ತು ಅವರ ಜೊತೆ ನಿಂತು ತಟ್ಟಿದೆ. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ಹೆಚ್ಚು ಜನ ನೋಡಬೇಕಂತೆ. ಅದಕ್ಕೆ ಹಾಡು, ಅಡುಗೆ ಪಂದ್ಯ, ನಗೆಹಬ್ಬ. ವಾರ್ತೆಯನ್ನು ಬಾಯಿಂದ ಓದಲು ಇಬ್ಬರು ಚೆಂದದ ಹುಡುಗಿಯರು. ತೆರೆಯ ಕೆಳಗಿನ ಮೂಲೆಯಲ್ಲಿ ಒಂದು ವೃತ್ತ, ಅದರೊಳಗೆ ಸನ್ನೆ ಮಾಡುವ ಒಬ್ಬರು. ಎಷ್ಟು ದೊಡ್ಡದು ಎಂದು ನಾನು ಚೀಟಿಯಲ್ಲಿ ಬರೆದು ಕೇಳಿದ್ದಕ್ಕೆ ಟೈ ಎರಡು ಕೈ ಸೇರಿಸಿ ಊಟದ ತಟ್ಟೆಯಷ್ಟು ತೋರಿಸಿದರು. ಅವರು ಕಲಿತ ಒಂದೇ ಸನ್ನೆ ಅದು. ಕೈ ವೃತ್ತದಿಂದ ಆಚೆ ಹೋದರೆ ಕತ್ತರಿಸಿ ಹೋಗುತ್ತದೆ. ನನಗೆ ಮಾತ್ರ ‘ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಅಮ್ಮಾ’ ಅಂದರು. ನನಗೆ ದಣಿವಾಗಿದೆ ಎಂದು ಇವರಿಗೆ ಹೇಳಿದ್ದು ಯಾರು?

ನಿನ್ನ ಮೇಲೆ ಸುಮ್ಮನೆ ಅನುಮಾನ ಪಡುವ ಹೆಂಗಸಲ್ಲ ನಾನು. ಕಣ್ಣಿಗೆ ಬಿದ್ದದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ಹೇಳು.

ನಿನ್ನ ಕೈ ಚಿಕ್ಕದಾಗಿದೆ. ಹದಿನೈದು ದಿನದ ಹಿಂದೆ ಊಟಕ್ಕೆ ಕೂತಾಗ ಉಪ್ಪು ಕೇಳಿದೆಯಲ್ಲ, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಎದೆಯ ಮುಂದೆಯೇ ಮುಗಿಸಿಬಿಟ್ಟೆ. ಇರುಕಾದ ಬಸ್ಸಿನಲ್ಲಿ ನಿಂತವರು ಹಾಗೆ ಮಾತಾಡುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಜಾಗಕ್ಕೇನು ಬರ? ಆಮೇಲಿಂದ ದಿನವೂ ನೋಡುತ್ತಿದ್ದೇನೆ. ಹಾಲು, ಬೀಗ, ನಾಳೆ, ಎಲ್ಲ ಚಿಕ್ಕದು. ನನ್ನ ಕಣ್ಣು ನಿನ್ನ ಮೇಲೆ ಬಿದ್ದ ಕೂಡಲೇ ಬೇಕೆಂದೇ ದೊಡ್ಡದು ಮಾಡುತ್ತೀಯ. ಕದ್ದು ತಿಂದವರು ಬಾಯಿ ಒರೆಸಿಕೊಂಡ ಹಾಗೆ.

ಎರಡನೆಯದು, ಆ ಪುಸ್ತಕ. ಹಾಸಿಗೆಯ ಕೆಳಗೆ ಕೈ ಹಾಕಿದ್ದು ತಪ್ಪು, ಒಪ್ಪುತ್ತೇನೆ. ಮೊದಲ ಪುಟದಲ್ಲೇ ತಟ್ಟೆಯ ಅಂಚು ಹಿಡಿದು ಬರೆದ ವೃತ್ತ, ಕೆಳಗೆ ಅಳತೆ: ಭುಜದಿಂದ ಮೊಣಕೈ ಹನ್ನೆರಡೂವರೆ ಇಂಚು, ಮೊಣಕೈಯಿಂದ ಬೆರಳ ತುದಿ ಹದಿನಾರು. ಮುಂದೆ ಸನ್ನೆಗಳ ಚಿತ್ರ, ಪಕ್ಕದಲ್ಲಿ ‘ಹಿಡಿಯುತ್ತದೆ’, ‘ಹಿಡಿಯಲ್ಲ’. ನಾಲ್ಕು ಪುಟ ನೋಡುವಷ್ಟರಲ್ಲಿ ನೀನು ಸ್ನಾನ ಮುಗಿಸಿ ಬಂದೆ, ನಾನು ಮುಚ್ಚಿಟ್ಟೆ. ನಾಲ್ಕು ಪುಟವೇ ಸಾಕಾಯಿತು. ವೃತ್ತದೊಳಗೆ ಕೂರುವವರಲ್ಲದೆ ಬೇರೆ ಯಾರಿಗೆ ಬೇಕು ಆ ಲೆಕ್ಕ?

ಹೋದ ತಿಂಗಳು ಹೊಸ ಅಂಗಿ ಹೊಲಿದುಕೊಡುತ್ತೇನೆ ಎಂದು ನನ್ನ ತೋಳಿಗೆ ಟೇಪು ಹಿಡಿದೆಯಲ್ಲ, ಆ ಅಂಗಿಯೂ ಬರಲಿಲ್ಲ. ಕೊನೆಯ ದಿನ ಹಳೆಯ ನೀಲಿಯಲ್ಲೇ ಕೂತಿದ್ದೇನೆ. ನಿನ್ನ ಗಮನ ಎಲ್ಲಿದೆ ಎಂಬುದಕ್ಕೆ ಅದೂ ಒಂದು ಸಾಕ್ಷಿ ಎಂದಿಟ್ಟುಕೊಂಡಿದ್ದೇನೆ.

ಮೂರನೆಯದನ್ನು ಬರೆಯಲು ಕೈ ಬರುತ್ತಿಲ್ಲ. ಹೋದ ಮಂಗಳವಾರ ನೀನು ಟೈ ಅವರ ಗಾಜಿನ ಕೋಣೆಯಲ್ಲಿದ್ದೆ. ನಾನು ಮೇಕಪ್ಪಿಗೆ ಕೂತಿದ್ದೇನೆ ಎಂದುಕೊಂಡಿದ್ದೆ ನೀನು. ನಾನು ನೀರು ಹಿಡಿಯಲು ಬಂದಿದ್ದೆ. ಬಾಗಿಲು ಹಾಕಿಕೊಂಡರೆ ಮಾತು ಹೊರಗೆ ಹೋಗುವುದಿಲ್ಲ ಎಂದು ಆ ಮನುಷ್ಯ ನಂಬಿದ್ದಾರೆ. ತುಟಿ ಓದುವವಳೊಬ್ಬಳು ಓಡಾಡುವ ಕಚೇರಿಯಲ್ಲಿ ಗಾಜಿನ ಕೋಣೆ ಕಟ್ಟಿಸಿಕೊಂಡವರಿಗೆ ಏನು ಹೇಳಬೇಕೋ. ಅವರ ಬೆನ್ನು ನನ್ನ ಕಡೆಗಿತ್ತು, ಅವರು ಏನೆಂದರೋ ಗೊತ್ತಿಲ್ಲ. ನಿನ್ನ ಮುಖ ಮಾತ್ರ ಕಾಣುತ್ತಿತ್ತು. ‘ಸರಿ, ನಾನೇ ಕೂತ್ಕೋತೀನಿ’ ಅಂದೆ. ಆಮೇಲೆ ‘ಮೂರು ತಿಂಗಳು’ ಅಂದೆ. ಆಮೇಲೆ ‘ಅಮ್ಮಂಗೆ ಈಗ್ಲೇ ಗೊತ್ತಾಗೋದು ಬೇಡ’ ಅಂದೆ. ನಿನ್ನ ತುಟಿಯನ್ನು ನೀನು ಮಾತು ಕಲಿಯುವ ಮೊದಲಿನಿಂದ ಓದಿದವಳು ನಾನು. ಮೂರು ತಿಂಗಳು ನನ್ನಿಂದ ಮುಚ್ಚಿಡುವ ಲೆಕ್ಕವೇ ಅದು? ಲೋಟ ತುಂಬಿ ಕಾಲ ಮೇಲೆ ನೀರು ಸುರಿದ ಮೇಲೆ ನನಗೆ ಎಚ್ಚರವಾಯಿತು.

ಕುರ್ಚಿಯ ಆಸೆಯಿಂದ ಇಷ್ಟು ಬರೆಯುತ್ತಿಲ್ಲ ಎಂದರೆ ಸುಳ್ಳಾದೀತು. ಆಸೆ ಇದೆ. ಅಲ್ಲಿ ಕೂತಾಗ ಮಾತ್ರ ಜನ ನನಗಾಗಿ ಕಾಯುತ್ತಾರೆ, ಉಳಿದ ಹೊತ್ತೆಲ್ಲ ನಾನೇ ಜನರಿಗಾಗಿ ಕಾಯುವುದು. ಆದರೆ ಅಚ್ಚಿನ ಮನೆಯ ಯಂತ್ರದ ಸದ್ದಿನಲ್ಲಿ ಕಿವಿ ಕಳೆದುಕೊಂಡ ಆ ಮುದುಕರಿದ್ದಾರಲ್ಲ, ಪ್ರತಿ ವಾರ ನನ್ನ ಸನ್ನೆಯಲ್ಲಿ ಒಂದು ತಪ್ಪು ಹುಡುಕಿ ಕಾರ್ಡು ಹಾಕುವವರು, ಅವರ ಕಣ್ಣು ಈಗ ಮಂಜು. ದೊಡ್ಡ ಕೈ ಮಾತ್ರ ಕಾಣುತ್ತದೆ ಎಂದು ಬರೆದಿದ್ದರು. ತಟ್ಟೆಯೊಳಗಿನ ಕೈ ಅವರಿಗೆ ಕಾಣುತ್ತದೆಯೇ? ಅವರಿಗೆ ಸುದ್ದಿ ಹೇಳುವವರು ಇನ್ನು ಯಾರು?

ನಿನ್ನ ಸನ್ನೆಯ ಹೆಸರು ಹೇಗೆ ಬಂತೆಂದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಮೂರು ವರ್ಷದವಳಿದ್ದಾಗ, ಅಮ್ಮಾ ಎಂದು ಕೂಗಿದರೆ ನಾನು ಏಳುವುದಿಲ್ಲ ಎಂದು ನಿನಗೆ ತಿಳಿಯಿತು. ಅಳಲಿಲ್ಲ. ಹೋಗಿ ಕಿಟಕಿಯ ಪರದೆಯನ್ನು ಎರಡೂ ಕೈಯಿಂದ ಸರಕ್ಕನೆ ಸರಿಸಿದೆ. ಬಿಸಿಲು ನನ್ನ ಮುಖಕ್ಕೆ ಬಿದ್ದು ಎದ್ದೆ. ಅಂದಿನಿಂದ ಎರಡು ಕೈ ಅಗಲವಾಗಿ ಪರದೆ ಸರಿಸಿದರೆ ಅದು ನೀನು. ಹದಿನಾಲ್ಕು ವರ್ಷ ಪ್ರತಿ ವಾರ್ತೆಯ ಕೊನೆಗೆ ಆ ಸನ್ನೆ ಮಾಡಿದ್ದೇನೆ, ಮೊದಲೆಲ್ಲ ಮನೆಯಲ್ಲಿ ಒಬ್ಬಳೇ ಕೂತು ನೋಡುತ್ತಿದ್ದ ನಿನಗೆ. ನೋಡುವವರು ಅದನ್ನು ಚಾನೆಲ್ಲಿನ ನಮಸ್ಕಾರ ಎಂದುಕೊಂಡರು. ಬೇರೆ ಯಾರೂ ಅದನ್ನು ಮಾಡುವುದಿಲ್ಲ, ನೀನೂ ಸಹ. ತನ್ನ ಹೆಸರನ್ನು ತಾನೇ ಯಾರು ಕರೆದುಕೊಳ್ಳುತ್ತಾರೆ?

ಇವತ್ತು ಹವಾಮಾನದ ಸುದ್ದಿ ಹೇಳುವುದಿಲ್ಲ. ಅದರ ಬದಲು ನನ್ನ ಮಾತು ಹೇಳುತ್ತೇನೆ. ಇದು ನನ್ನ ಕೊನೆಯ ಸಂಜೆ, ಸೋಮವಾರದಿಂದ ಈ ಚಾನೆಲ್ ನಿಮ್ಮದಲ್ಲ, ನನ್ನ ಕುರ್ಚಿ ತೆಗೆದುಕೊಂಡವಳು ನನ್ನ ಮಗಳು, ಅವಳು ನನಗೆ ಹೇಳಲಿಲ್ಲ. ಇಷ್ಟೇ. ಇಡೀ ಕಟ್ಟಡದಲ್ಲಿ ಅದು ಅರ್ಥವಾಗುವುದು ನಿನಗೊಬ್ಬಳಿಗೆ. ಮೋಡ, ಗಾಳಿ, ಉಷ್ಣಾಂಶ ಎಂದು ಬಾಯಿಗೆ ಬಂದದ್ದು ಹೇಳಿ ತೇಲಿಸಿಬಿಟ್ಟರೆ ಟೈ ಅವರಿಗೆ ಏನೂ ತಿಳಿಯುವುದಿಲ್ಲ, ನಿನ್ನ ವೃತ್ತವೂ ಉಳಿಯುತ್ತದೆ. ಹಾಗೆ ಮಾಡಿದರೆ ನೀನು ಅವರವಳು ಎಂದು ತಿಳಿದುಕೊಳ್ಳುತ್ತೇನೆ. ನನ್ನ ಕೈ ಹೇಳಿದ್ದನ್ನೇ ಹೇಳಿದರೆ ನೀನು ನನ್ನವಳು. ಹೆತ್ತ ಮಗಳಿಗೆ ಪರೀಕ್ಷೆ ಇಡುವ ಹಾಗಾಯಿತಲ್ಲ ಎಂದು ನಾಚಿಕೆಯಾಗುತ್ತಿದೆ. ಆದರೂ ಇಡುತ್ತೇನೆ.

ಗಾಜಿನ ಕಡೆಗೇ ನೋಡುತ್ತಿರುವ,
ನಿನ್ನ ಅಮ್ಮ

ತಾ.ಕ. (ಶನಿವಾರ ಬೆಳಿಗ್ಗೆ, ಮನೆಯಲ್ಲಿ)

ಕಾಗದವನ್ನು ನಿನ್ನೆ ಬ್ಯಾಗಿನಲ್ಲಿ ಇಡಲಿಲ್ಲ. ಹರಿದು ಹಾಕೋಣ ಎಂದು ಬೆಳಿಗ್ಗೆ ತೆಗೆದೆ. ಆದರೆ ನೀನು ನನ್ನ ಕೈಯನ್ನು ತಿದ್ದಲಿಲ್ಲ. ನಾನು ಬರೆದದ್ದನ್ನು ನಾನು ತಿದ್ದುವುದು ನ್ಯಾಯವಲ್ಲ. ಇದ್ದ ಹಾಗೇ ಓದು.

ನಾನು ಹವಾಮಾನ ಬಿಟ್ಟು ನನ್ನ ಮಾತು ಶುರು ಮಾಡಿದಾಗ ನಿನ್ನ ಕೈ ಕಿವಿಗೆ ಹೋಯಿತು. ಹೆಡ್‌ಫೋನ್ ಸರಿಮಾಡಿಕೊಂಡೆ. ಆಮೇಲೆ ನಿನ್ನ ತುಟಿ ನನ್ನ ಕೈಯ ಬೆನ್ನಿಗೇ ಬಂತು. ‘ನನ್ನ ಕುರ್ಚಿ ತೆಗೆದುಕೊಂಡವಳು ನನ್ನ ಮಗಳು. ಅವಳು ನನಗೆ ಹೇಳಲಿಲ್ಲ.’ ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ. ನಿನ್ನ ಮೇಲಿನ ದೂರನ್ನು ನಿನ್ನದೇ ಬಾಯಿಂದ ಊರಿಗೆಲ್ಲ ಹೇಳಿದೆ. ನಾನು ಗೆದ್ದೆ ಎಂದುಕೊಂಡೆ, ಮಗಳೇ. ಒಂದೇ ಒಂದು ನಿಮಿಷ.

ಟೈ ಓಡಿ ಬಂದರು. ಈ ಸಲ ಅವರ ಮುಖ ನನ್ನ ಕಡೆಗಿತ್ತು. ‘ಆ ವೃತ್ತಾನೂ ಬೇಡ, ನಿಮ್ಮಿಬ್ಬರ ಸಹವಾಸಾನೂ ಬೇಡ’ ಅಂದರು. ಬಸ್ಸಿನಲ್ಲಿ ನೀನು ಎಲ್ಲ ಹೇಳಿದೆ. ಸನ್ನೆಯನ್ನೇ ಪೂರ್ತಿ ತೆಗೆಯಲು ಹೊರಟಿದ್ದರಂತೆ. ನೀನು ಜಗಳವಾಡಿ ವೃತ್ತ ಕೊಡಿಸಿದೆಯಂತೆ. ಕಿವಿ ಕೇಳುವವರು ಕೂತರೆ ಮಾತ್ರ ಎಂದರಂತೆ. ‘ಮೊದಲ ಮೂರು ತಿಂಗಳು ನಾನು ಕೂರುತ್ತೇನೆ, ಅಷ್ಟರಲ್ಲಿ ಸುದ್ದಿಯ ಬರಹ ನೋಡಿಕೊಂಡು ವೃತ್ತದೊಳಗೆ ಸನ್ನೆ ಮಾಡುವುದನ್ನು ಅಮ್ಮನಿಗೆ ಕಲಿಸುತ್ತೇನೆ, ಆಮೇಲೆ ಅವಳೇ’ ಎಂದು ಒಪ್ಪಿಸಿದೆಯಂತೆ. ಮುಂಚೆಯೇ ಹೇಳಿದರೆ ಅಮ್ಮ ಸಿಟ್ಟಿನಿಂದ ವೃತ್ತವನ್ನೇ ಒದ್ದು ಬರುತ್ತಾಳೆ ಎಂದು ಹೆದರಿದೆಯಂತೆ. ಎಷ್ಟು ‘ಅಂತೆ’ ಬರೆದಿದ್ದೇನೆ ನೋಡು. ನೀನು ತೋಳು ಚಾಚಿ ಹೇಳುತ್ತಿದ್ದೆ, ಪಕ್ಕದವರ ಟೋಪಿಗೆ ನಿನ್ನ ಕೈ ತಗುಲಿತು, ಅಷ್ಟು ದೊಡ್ಡದಾಗಿತ್ತು ನಿನ್ನ ಕೈ. ಆಗಲೂ ನಾನು ಪೂರ್ತಿ ನಂಬಲಿಲ್ಲ.

ಬೆಳಿಗ್ಗೆ ನೀನು ಮಲಗಿರುವಾಗ ಮತ್ತೆ ಹಾಸಿಗೆಯ ಕೆಳಗೆ ಕೈ ಹಾಕಿದೆ. ಹೊಲಿಗೆ ಯಂತ್ರದ ಡ್ರಾಯರಿನಿಂದ ಟೇಪು ತೆಗೆದು ನನ್ನ ತೋಳಿಗೆ ಹಿಡಿದೆ. ನಿನ್ನ ತೋಳು ನಿನ್ನ ಅಪ್ಪನದು, ಉದ್ದ. ನಿನ್ನ ಅಂಗಿಗೆ ಯಾವಾಗಲೂ ಬಟ್ಟೆ ಎರಡು ಇಂಚು ಹೆಚ್ಚು ಹಿಡಿಯುತ್ತಿತ್ತು. ಅದನ್ನು ಹೇಗೆ ಮರೆತೆನೋ. ಹನ್ನೆರಡೂವರೆ, ಹದಿನಾರು, ಅದು ನನ್ನ ಅಳತೆ. ಅಂಗಿ ಏಕೆ ಬರಲಿಲ್ಲ ಎಂಬುದೂ ಆಗ ತಿಳಿಯಿತು. ಆಮೇಲೆ ಪುಸ್ತಕವನ್ನು ಕೊನೆಯವರೆಗೂ ನೋಡಿದೆ. ಎಲ್ಲ ನಾನು ಮಾಡುವ ಸನ್ನೆಗಳೇ, ನಾನು ಮಾಡುವ ರೀತಿಯಲ್ಲೇ. ಕೊನೆಯ ಪುಟದಲ್ಲಿ ಪರದೆ ಸರಿಸುವ ಎರಡು ಕೈ. ಕೆಳಗೆ ನಿನ್ನ ಅಕ್ಷರ: ‘ಎಷ್ಟು ಮಾಡಿದರೂ ಹಿಡಿಯಲ್ಲ. ಇದೊಂದನ್ನು ಬಿಡಲು ಅಮ್ಮ ಒಪ್ಪಲ್ಲ.’

ನನ್ನ ಅನುಮಾನದಿಂದ ಅಚ್ಚಿನ ಮನೆಯ ಮುದುಕರಿಗೆ ತಟ್ಟೆಯಷ್ಟು ಜಾಗವೂ ಇಲ್ಲದ ಹಾಗಾಯಿತು. ಸೋಮವಾರ ಬೆಳಿಗ್ಗೆ ಟೈ ಅವರ ಕೋಣೆಗೆ ಹೋಗಿ ತಪ್ಪಾಯಿತು ಎಂದು ಹೇಳುತ್ತೇನೆ, ಆ ವೃತ್ತವನ್ನು ಕೊಡಿ ಎಂದು ಕೇಳುತ್ತೇನೆ. ಧ್ವನಿ ನೀನು ಕೊಡಬೇಕು, ಈಗಲೂ ತಿದ್ದಬೇಡ. ಅವರು ಕೊಡುತ್ತಾರೆಂಬ ನಂಬಿಕೆ ನನಗಿಲ್ಲ, ಅವರ ಮೇಲಿನ ಅನುಮಾನ ಹಾಗೇ ಇದೆ. ಆದರೂ ತಯಾರಾಗಿ ಹೋಗಬೇಕಲ್ಲ. ಊಟದ ತಟ್ಟೆಯನ್ನು ಕನ್ನಡಿಗೆ ಹಿಡಿದು ಸೋಪಿನಿಂದ ಸುತ್ತ ಗೆರೆ ಎಳೆದಿದ್ದೇನೆ. ತೋಳು ಚಾಚದೆ, ಎರಡೇ ಬೆರಳಿನಿಂದ, ಗಲ್ಲದ ಕೆಳಗೆ ನಿನ್ನ ಹೆಸರು ಹೇಳಲು ನೋಡಿದೆ. ಹತ್ತಿಪ್ಪತ್ತು ಸಲ ಆಚೆ ಹೋಯಿತು. ಆಮೇಲೆ ಹಿಡಿಯಿತು. ಎದ್ದ ಮೇಲೆ ಕನ್ನಡಿಯ ಹತ್ತಿರ ಬಾ, ತೋರಿಸುತ್ತೇನೆ.