ನೀಲಿ ಪಟ್ಟಿ, ಕೆಂಪು ಪಟ್ಟಿ

ಜನವರಿ 9, ಬೆಳಿಗ್ಗೆ

ಮತ್ತೊಂದು ಇಲಿ ಹೋಯಿತು. ಕೆಂಪು ಪಟ್ಟಿ ಅಂಟಿಸಿದ ಕೇಜಿನದು. ಕೇಜಿನ ಮೂಲೆಯಲ್ಲಿ ಮುದುಡಿಕೊಂಡಿತ್ತು. ಎತ್ತಿ ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿದೆ. ತಾನಾಗಿ ಹೊರಳಿ ಕಾಲ ಮೇಲೆ ನಿಂತರೆ ವಾಪಸ್ ಕೇಜಿಗೆ. ಹೊರಳದಿದ್ದರೆ ಸಾಯಿಸುವ ಸೂಜಿ. ಇಲ್ಲಿನ ನಿಯಮ ಅಷ್ಟೆ.

ಹೊರಳಲಿಲ್ಲ. ಸ್ವಲ್ಪ ಹೆಚ್ಚಿಗೇ ಕಾದೆ. ಕೇಜ್ ತೊಳೆಯುವ ಮೀಸೆಗೆ ನಗು — "ಏನಣ್ಣಾ, ಹತ್ತಿರದ ನೆಂಟ್ರ ಥರ ಕಾಯ್ತಾ ನಿಂತ್ಬಿಟ್ಟೆ?" ಆ ಮುಖದಲ್ಲಿ ಮೀಸೆ ಬಿಟ್ಟರೆ ಬೇರೇನೂ ಇಲ್ಲ.

ಜನವರಿ 14

ಲ್ಯಾಬಿನ ಮೇಡಂ ಇವತ್ತು ಮತ್ತೆ ಪಾಠ ಮಾಡಿದರು. ಯಾರೂ ಊಹೆ ಮಾಡಬಾರದಂತೆ. ಪರೀಕ್ಷೆಗೆ ಹಾಕಿರುವುದು ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುವ ನೋವಿನ ಮಾತ್ರೆ. ದಿನಾ ತಿಂದರೆ ಆಯಸ್ಸು ಹೆಚ್ಚುತ್ತದೆಯೇ ಎಂದು ನೋಡುವುದು. ಒಂದು ಬಣ್ಣದ ಪಟ್ಟಿಯ ಇಲಿಗಳ ಫೀಡಿನಲ್ಲಿ ಮಾತ್ರೆಯ ಪುಡಿ ಇದೆ, ಇನ್ನೊಂದರಲ್ಲಿ ಇಲ್ಲ. ಯಾವುದರಲ್ಲಿ ಎಂದು ನಮಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ಯಾವ ಬಣ್ಣಕ್ಕೆ ಯಾವುದು ಎಂಬ ಕೋಡ್ ಬೇರೆ ಊರಿನಲ್ಲಿ, ಲೆಕ್ಕ ನೋಡುವವರ ಹತ್ತಿರ.

ಊಹೆ ಮಾಡುವುದೇನು ಬಂತು! ನೀಲಿಯವು ಈ ವಯಸ್ಸಿನಲ್ಲೂ ಚಕ್ರದಲ್ಲಿ ಓಡುತ್ತವೆ. ಕೂದಲು ನುಣ್ಣಗೆ. ಕೆಂಪಿನವು ಬಿಳಿಚಿಕೊಂಡು, ಟಾರಿನ ಹಾಗೆ ಅಂಟುವ ಕಪ್ಪು ಹಿಕ್ಕೆ ಹಾಕಿಕೊಂಡು ಒಂದೊಂದಾಗಿ ಉದುರುತ್ತಿವೆ. ಮುಪ್ಪು ಎಂದರೆ ಹಾಗೇ. ಔಷಧಿ ನೀಲಿಯಲ್ಲಿದೆ. ಕುರುಡನಿಗೂ ಗೊತ್ತಾಗುತ್ತದೆ.

ಜನವರಿ 20

ಅಕ್ಕನಿಗೆ ಹೇಳಿಬಿಟ್ಟೆ. ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ನನಗೆ.

ಜೂನ್‌ನಲ್ಲಿ ಅಕ್ಕನಿಗೆ ಐವತ್ತು. ಅಮ್ಮ ಹೋದದ್ದು ಐವತ್ತಕ್ಕೆ. ನಾನಾಗ ಎರಡನೇ ಕ್ಲಾಸು. ಅಲ್ಲಿಂದ ಅಮ್ಮ ಎಂದರೂ ಅಕ್ಕನೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿದು ತುಳಿದು ನನ್ನನ್ನು ಓದಿಸಿದಳು. ಈಗ ಮೊಣಕಾಲು ಹೋಗಿದೆ. ಒಂದು ವರ್ಷದಿಂದ ಅವಳ ಬಾಯಲ್ಲಿ ಜೂನ್, ಜೂನ್. ನಗುತ್ತಲೇ ಹೇಳುತ್ತಾಳೆ. ಭಯ ಎಂದು ನನಗೆ ಗೊತ್ತು. ಅವಳಿಗಿಂತ ಹೆಚ್ಚು ಭಯ ನನಗೆ.

ನೀಲಿ ಇಲಿಗಳ ಕಥೆ ಕೇಳಿ ಮಿಷನ್ ನಿಲ್ಲಿಸಿದಳು.

"ಇಲಿಗೊಂದು ನ್ಯಾಯ, ಒಡಹುಟ್ಟಿದವಳಿಗೊಂದು ನ್ಯಾಯಾನಾ? ನಾಳೆ ಬರ್ತಾ ತಗೊಂಡ್ಬಾ."

"ಪರೀಕ್ಷೆ ಇನ್ನೂ ಮುಗಿದಿಲ್ಲ ಅಕ್ಕಾ."

"ಅದು ಮುಗಿಯೋವರೆಗೆ ನಾನು ಇರ್ಬೇಕಲ್ಲೋ."

ಜನವರಿ 21

ಅಂಗಡಿಯಿಂದ ಅದೇ ಮಾತ್ರೆ ತಂದುಕೊಟ್ಟೆ. ಬೆಳಿಗ್ಗೆ ಒಂದು, ಸಂಜೆ ಒಂದು. ಅಕ್ಕ ತುಂಡು ಬಟ್ಟೆಯಲ್ಲಿ ನೀಲಿ ಪಟ್ಟಿ ಹೊಲಿದು ಮಣಿಕಟ್ಟಿಗೆ ಕಟ್ಟಿಕೊಂಡಳು. "ನೀಲಿ ಇಲಿಗೆ ಟೀ ಎಲ್ಲೋ?" ನಕ್ಕು ನಕ್ಕು ಇಬ್ಬರಿಗೂ ಕೆಮ್ಮು ಬಂತು.

ಮಾರ್ಚ್ 3

ಅಕ್ಕನ ಮೊಣಕಾಲು ನೋವು ಮಾಯ. ಮೆಟ್ಟಿಲು ಹತ್ತಿ ಮಹಡಿಯಲ್ಲಿ ಬಟ್ಟೆ ಒಣಹಾಕಿ ಬಂದಳು. ಬೀದಿಯವರಿಗೆಲ್ಲ ಅದೇ ಸುದ್ದಿ — ನಮ್ಮ ಹುಡುಗ ಲ್ಯಾಬಿನಲ್ಲಿ ಕಂಡುಹಿಡಿದದ್ದು. ಬೇಡ ಎಂದೆ. ಆದರೂ ಒಳಗೊಳಗೇ ಉಬ್ಬಿದೆ, ಸುಳ್ಳೇಕೆ.

ಏಪ್ರಿಲ್ 19

ಅಕ್ಕ ಮೆಟ್ಟಿಲ ಮಧ್ಯದಲ್ಲೇ ಕೂತುಬಿಟ್ಟಳು. ಯೂನಿಫಾರ್ಮ್ ಸೀಸನ್, ಕೆಲಸ ಜಾಸ್ತಿ, ಸುಸ್ತು ಎಂದಳು. ಸುಸ್ತೇ ಇರಬೇಕು.

ಏಪ್ರಿಲ್ 27

ಇದನ್ನು ಬರೆಯಬೇಕು.

ಬೆಳಿಗ್ಗೆ ತೂಕ ನೋಡಲು ಕೆಂಪಿನದೊಂದನ್ನು ಎತ್ತಿದ್ದೆ. ಟ್ಯೂಬ್‌ಲೈಟಿಗೆ ಅಡ್ಡ ಬಂತು. ಬೆಳಕಿಗೆ ಹಿಡಿದರೆ ಇಲಿಯ ಕಿವಿಯಲ್ಲಿ ಕೆಂಪು ನರಗಳು ಕಾಣಬೇಕು. ಇದರಲ್ಲಿ ಇಲ್ಲ. ಮುಪ್ಪು ಎಂದುಕೊಂಡು ಕೇಜಿಗೆ ಬಿಟ್ಟೆ, ಎಂದಿನಂತೆ.

ಸಂಜೆ ಮನೆಗೆ ಬಂದರೆ ಅಕ್ಕ ಕಿಟಕಿಯ ಹತ್ತಿರ ಸೂಜಿಗೆ ದಾರ ಪೋಣಿಸುತ್ತಿದ್ದಳು. ಹಿಂದಿನಿಂದ ಬಿಸಿಲು. ಅವಳ ಕಿವಿ... ಮೇಣದ ಹಾಗೆ.

"ಅಕ್ಕಾ, ಟಾಯ್ಲೆಟ್‌ಗೆ ಹೋದ್ರೆ ಕಪ್ಪಗೆ ಹೋಗ್ತಿದೆಯಾ?"

"ಥೂ! ಅದನ್ನೂ ನಿನಗೆ ಹೇಳ್ಬೇಕೇನೋ?"

"ಹೇಳೇ!"

ದಾರ ಕೆಳಗಿಟ್ಟಳು. "ಹೂಂ ಕಣೋ. ತುಂಬಾ ದಿನ ಆಯ್ತು. ನೀನು ಗಾಬರಿ ಆಗ್ತೀಯ ಅಂತ ಸುಮ್ಮನಿದ್ದೆ."

ಔಷಧಿ ನೀಲಿಯಲ್ಲಿಲ್ಲ. ಕೆಂಪಿನಲ್ಲಿದೆ. ಅದು ಮುಪ್ಪಾಗಿರಲಿಲ್ಲ, ಒಳಗೇ ರಕ್ತ ಸೋರುತ್ತಿತ್ತು. ದಿನಾ ಕೈಯಲ್ಲಿ ಹಿಡಿದು ನೋಡುತ್ತಿದ್ದೆನಲ್ಲ! ಈಗ ಆಟೋ ಬರುತ್ತದೆ.

ಏಪ್ರಿಲ್ 28, ಆಸ್ಪತ್ರೆ

ಹೊಟ್ಟೆಯಲ್ಲಿ ಹುಣ್ಣು. ರಕ್ತ ಒಸರುತ್ತಲೇ ಇತ್ತಂತೆ. ಡಾಕ್ಟರು ಮಾತ್ರೆಯ ಹೆಸರು ಕೇಳಿ ಹುಬ್ಬು ಗಂಟಿಕ್ಕಿದರು. "ಇಷ್ಟು ತಿಂಗಳು ದಿನಾ ಎರಡು ಹೊತ್ತು? ಯಾರ್ರೀ ಹೇಳಿದ್ದು?"

ಅಕ್ಕ ಮಲಗಿದ್ದಲ್ಲಿಂದಲೇ, "ನಾನೇ ಸಾರ್. ಮೊಣಕಾಲು ನೋವಿಗೆ" ಎಂದಳು.

ನಾನು ಸುಮ್ಮನೆ ನಿಂತಿದ್ದೆ. ನನ್ನ ಮೇಲೆ ನನಗೇ ಅಸಹ್ಯ.

ಏಪ್ರಿಲ್ 30

ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಕೋಡ್ ತರಿಸಿ ಎಂದು ಗೋಗರೆದೆ. ಬಹುಶಃ ನನ್ನ ಎರಡನೇ ಊಹೆಯೂ ತಪ್ಪಿರಬಹುದು ಎಂಬ ಆಸೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕೋಡ್ ತಗೊಂಡು ಏನ್ಮಾಡ್ತೀರಾ? ಯಾವ ಬಣ್ಣ ಬಂದ್ರೂ ನಿಮ್ಮಕ್ಕ ಅದನ್ನ ಹಾಗೆ ತಿನ್ನಬಾರದಿತ್ತು. ಇಲಿ ಹೆಚ್ಚು ದಿನ ಬದುಕಿದ್ರೆ ಮನುಷ್ಯರೂ ಬದುಕ್ತಾರೆ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

ಹೇಳಿರಲಿಲ್ಲ.

"ಅಳಬೇಡಿ. ಹೋಗಿ, ಅವರ ಹತ್ರ ಕೂತ್ಕೊಳ್ಳಿ. ಇಲ್ಲಿ ಮೀಸೆ ನೋಡ್ಕೊಳ್ತಾನೆ."

ಮೇ 8

ಆಪರೇಷನ್ ಆಯಿತು. ರಕ್ತ ಕೊಟ್ಟರು. ತುಟಿಗೆ ಸ್ವಲ್ಪ ಬಣ್ಣ ಬಂದಿದೆ. ನೀಲಿ ಪಟ್ಟಿಯನ್ನು ನರ್ಸ್ ಬಿಚ್ಚಿಹಾಕಿದ್ದಳು. ಅಕ್ಕ ಜಗಳ ಮಾಡಿ ಮತ್ತೆ ಕಟ್ಟಿಸಿಕೊಂಡಳಂತೆ.

"ನಿಜ ಹೇಳೋ. ನಾನು ಯಾವ ಬಣ್ಣ?"

"ನೀಲಿ ಅಕ್ಕಾ."

ನನ್ನನ್ನೇ ನೋಡಿದಳು. "ಸುಳ್ಳು ಹೇಳುವಾಗ ನಿನ್ನ ಮೂಗು ಅಲ್ಲಾಡುತ್ತೆ. ಇಲಿ ಥರ."

ಆಮೇಲೆ ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದಳು. ಮನೆಗೆ ಕರೆದುಕೊಂಡು ಹೋಗಬಹುದೇನೋ, ಮುಂದಿನ ವಾರ.

ಮೇ 15

ಕೆಂಪಿನವು ತೀರಾ ಹೆಚ್ಚು ಸಾಯುತ್ತಿವೆ ಎಂದು ಪ್ರಯೋಗ ನಿಲ್ಲಿಸಿದರು. ಕೋಡ್ ಬಂತು. ಮೇಡಂ ಫೋನ್ ಮಾಡಿ "ಕೆಂಪು" ಎಂದರು. ಅಷ್ಟು ಹೇಳಿ ಫೋನ್ ಇಟ್ಟರು.

ನೀಲಿಯವಕ್ಕೆ ಏನನ್ನೂ ಕೊಟ್ಟಿರಲಿಲ್ಲ. ಬರೀ ಫೀಡ್ ತಿಂದು ಓಡಾಡಿಕೊಂಡಿದ್ದವು. ಅಕ್ಕನಿಗೂ ಏನನ್ನೂ ಕೊಡದೆ ಇದ್ದಿದ್ದರೆ ಸಾಕಿತ್ತು.

ಮೇ 21, ಬೆಳಿಗ್ಗೆ

ಹೊಲಿಗೆ ಹಾಕಿದ ಜಾಗ ನಿನ್ನೆ ಒಡೆದು ಮತ್ತೆ ರಕ್ತ ಬಂತು. ಇನ್ನೊಮ್ಮೆ ಕುಯ್ದರೆ ತಡೆದುಕೊಳ್ಳುವ ಶಕ್ತಿ ಅವಳಿಗಿಲ್ಲವಂತೆ. ಡಾಕ್ಟರು ಕಾಯೋಣ ಎಂದರು. ಕರೆದರೆ ಓಗೊಡುತ್ತಿಲ್ಲ.

ಮೇ 21, ಹನ್ನೊಂದು ಗಂಟೆ

ನರ್ಸ್ ಬಂದು ಅಕ್ಕನನ್ನು ಮಗ್ಗುಲಾಗಿ ಮಲಗಿಸಿದಳು. ಬೆನ್ನು ಹುಣ್ಣಾಗಬಾರದು ಎಂದು. "ತಾವಾಗಿ ಹೊರಳಿದ್ರೆ ಒಳ್ಳೇದೇ. ನನ್ನ ಕರೀರಿ" ಎಂದು ಪಕ್ಕದ ಬೆಡ್ಡಿಗೆ ಹೋದಳು. ಅವಳಿಗೇನು ಗೊತ್ತು.

ಇದು ಮೇಜಲ್ಲ. ಇವಳು ನನ್ನ ಅಕ್ಕ. ನೋಡಬಾರದು ಎಂದು ಗೋಡೆಯ ಕಡೆ ತಿರುಗಿ ಕೂತೆ. ಆಗಲಿಲ್ಲ. ಈ ಕಣ್ಣಿಗೆ ಅಭ್ಯಾಸವಾಗಿಹೋಗಿದೆ.

ನೀಲಿ ಪಟ್ಟಿಯ ಕೈ ಹಾಸಿಗೆಯ ಮೇಲಿದೆ. ಇನ್ನೂ ಹಾಗೇ ಇದ್ದಾಳೆ. ಕಾಯುತ್ತೇನೆ. ನಿಯಮ ಹಾಳಾಗಲಿ, ಸಂಜೆಯವರೆಗೂ ಕಾಯುತ್ತೇನೆ. ಹೊರಳೇ ಅಕ್ಕಾ.

ಭುಜ ಸ್ವಲ್ಪ ಅಲುಗಿದ ಹಾಗೆ—